ರಂಗನಟ ಸವಾಯಿ ಗಂಧರ್ವರು: ಕುಂದಗೋಳದಿಂದ ಪುಣೆಯವರೆಗೆ

ಹಡಪಸರದಲ್ಲಿ ನೆಲೆಸಿರುವ ನಮ್ಮ ಸಂಗೀತಪ್ರಿಯರಲ್ಲಿ ಸವಾಯಿ ಗಂಧರ್ವ ಮಹೋತ್ಸವವನ್ನು ಅರಿಯದವರಿಲ್ಲ. ಆರ್ಯ ಸಂಗೀತ ಪ್ರಸಾರಕ ಮಂಡಳಿಯು 1953ರಲ್ಲಿ ಆರಂಭಿಸಿದ ಈ ಉತ್ಸವಕ್ಕೆ ನಾವೂ ವರುಷ ವರುಷವೂ ಹೋಗಿ, ರಾತ್ರಿಯವರೆಗೆ ಕುಳಿತು ಕೇಳಿ ಬರುತ್ತೇವೆ. ಆದರೆ ಆ ಬಿರುದು ಮೊದಲು ಸಂದದ್ದು ರಂಗನಟನಿಗೆ. ಆ ನಟನು ಕನ್ನಡ ಮಣ್ಣಿನವನು. ಗವಾಯಿಯ ಕೀರ್ತಿಯ ಮರೆಯಲ್ಲಿ ನಟನು ಅಡಗಿಹೋದನೆಂಬುದು ನನ್ನ ಅಭಿಪ್ರಾಯ.

ರಾಮಚಂದ್ರ ಗಣೇಶ ಕುಂದಗೋಳಕರ ಸೌಂಶಿ ಅವರು ಹುಟ್ಟಿದ್ದು 1886ನೆಯ ಇಸವಿ ಜನವರಿ 19ರಂದು, ಹುಬ್ಬಳ್ಳಿಗೆ ಸಮೀಪದ ಕುಂದಗೋಳದಲ್ಲಿ. ಆ ಊರು ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ತಂದೆ ಅಲ್ಲಿಯ ನಾಡಿಗೇರ ಮನೆತನದಲ್ಲಿ ಕಾರಕೂನರು. ಹುಡುಗನಿಗೆ ಓದು ಹತ್ತಲಿಲ್ಲ, ಹಾಡು ಹತ್ತಿತು. ಬಳವಂತರಾವ ಕೊಲ್ಹಟಕರರಲ್ಲಿ ಮೊದಲ ಪಾಠವಾಯಿತು. ಅನಂತರ ನಾಡಿಗೇರರ ಆಶ್ರಯಕ್ಕೆ ಬರುತ್ತಿದ್ದ ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಮ್ ಖಾನರು ಅವನನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು.

ಇಂತಹ ಶಿಷ್ಯನು ಗುರುವಿನ ಇಷ್ಟಕ್ಕೆ ವಿರುದ್ಧವಾಗಿ ನಾಟಕಮಂಡಳಿ ಸೇರಿದನು; ಅದೂ ಮರಾಠಿ ಮಂಡಳಿ! ಇದೇಕೆಂದು ತಿಳಿಯಬೇಕಾದರೆ ಆ ಕಾಲದ ಧಾರವಾಡ ಸೀಮೆಯ ಸ್ಥಿತಿಯನ್ನು ನೋಡಬೇಕು. ಮರಾಠಿ ರಂಗಭೂಮಿಯ ಹುಟ್ಟಿನಲ್ಲಿ ಕನ್ನಡದ ಪಾಲಿದೆಯೆಂಬುದನ್ನು ಮರಾಠಿ ವಿದ್ವಾಂಸರೂ ಒಪ್ಪುತ್ತಾರೆ. ಹೊನ್ನಾವರದ ಬಳಿಯ ಕರ್ಕಿಯ ಭಾಗವತರ ಆಟವು ಸಾಂಗಲಿಯಲ್ಲಿ ನಡೆದ ಮೇಲೆಯೇ ವಿಷ್ಣುದಾಸ ಭಾವೆಯವರು 1843ರಲ್ಲಿ ‘ಸೀತಾಸ್ವಯಂವರ’ವನ್ನು ಆಡಿಸಿದರು. 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಬೆಳಗಾವಿ ಸೀಮೆಯ ಗುರ್ಲಹೊಸೂರಿನವರೇ. ಹೀಗೆ ಹೋದ ಕಲೆಯು ಅಲ್ಲಿ ಬೆಳೆದು, ಬೆಡಗಿನ ಪರದೆಗಳನ್ನೂ ರಾಗದಾರಿ ಪದಗಳನ್ನೂ ಹೊತ್ತು ನಮ್ಮ ಊರುಗಳಿಗೇ ಮರಳಿ ಬಂದಿತು. ಧಾರವಾಡ, ಹುಬ್ಬಳ್ಳಿ, ಗದಗುಗಳ ಕನ್ನಡ ಪ್ರೇಕ್ಷಕನೂ ಮರಾಠಿ ನಾಟಕಕ್ಕೇ ಮಾರುಹೋದನು. ಗದುಗಿನ ಶಾಂತಕವಿಗಳು ಇದನ್ನು ಕಂಡು ನೊಂದು ಕನ್ನಡ ನಾಟಕ ಬರೆದರು, ಮಂಡಳಿ ಕಟ್ಟಿದರು. ಮುಂದೆ ಗರುಡ ಸದಾಶಿವರಾಯರು, ವಾಮನರಾವ್ ಮಾಸ್ತರರು ಆ ಕೆಲಸವನ್ನು ಬೆಳೆಸಿದರು. ಬಾಲಕ ಮಲ್ಲಿಕಾರ್ಜುನ ಮನಸೂರರು ಬಣ್ಣ ಹಚ್ಚಿದ್ದು ವಾಮನರಾಯರ ಕನ್ನಡ ಕಂಪನಿಯಲ್ಲಿ. ಆದರೆ ಮನಸೂರರು ಹುಟ್ಟಿದ್ದು 1910ರಲ್ಲಿ. ರಾಮಭಾವು ಅವರಿಗಿಂತ ಇಪ್ಪತ್ತನಾಲ್ಕು ವರುಷ ಹಿರಿಯರು. ಈ ಅಂತರವನ್ನು ಮರೆತು ಅವರನ್ನು ‘ಕನ್ನಡವನ್ನು ಬಿಟ್ಟುಹೋದವರು’ ಎಂದು ದೂರುವುದು ನ್ಯಾಯವಲ್ಲ.

ನಾಟ್ಯಕಲಾ ಪ್ರವರ್ತಕ ಮಂಡಳಿಯಲ್ಲಿ ಅವರು ಸ್ತ್ರೀಪಾತ್ರಗಳಿಂದ ಹೆಸರಾದರು. ‘ಸೌಭದ್ರ’ದ ಸುಭದ್ರೆಯು ಅವುಗಳಲ್ಲೊಂದು. ಆಗ ಕಿರ್ಲೋಸ್ಕರ ಮಂಡಳಿಯಲ್ಲಿ ಬಾಲಗಂಧರ್ವರ ಉಚ್ಛ್ರಾಯಕಾಲ. ಅವರಿಗೆ ಸರಿಮಿಗಿಲೆಂಬ ಅರ್ಥದಲ್ಲಿ ರಾಮಭಾವುಗೆ ‘ಸವಾಯಿ ಗಂಧರ್ವ’ ಎಂಬ ಬಿರುದು ಬಂದಿತು. ಸವಾಯಿ ಎಂದರೆ ಒಂದೂಕಾಲು, ಕಾಲುಪಾಲು ಹೆಚ್ಚು. ಬಾಲಗಂಧರ್ವರು 1888ರಲ್ಲಿ ಹುಟ್ಟಿದವರು, ರಾಮಭಾವುಗಿಂತ ಎರಡು ವರುಷ ಕಿರಿಯರು. ಕಿರಿಯನನ್ನು ಅಳತೆಗೋಲಾಗಿಟ್ಟು ಹಿರಿಯನನ್ನು ಅಳೆದ ಈ ಬಿರುದು ಮೆಚ್ಚುಗೆಯೂ ಹೌದು, ಒಂದು ಬಗೆಯ ಹಂಗೂ ಹೌದು.

ಅವರ ಕಂಠವು ಸುಲಭವಾದುದಲ್ಲ. ಹರೆಯದಲ್ಲಿ ಒಡೆದ ದನಿಯನ್ನು ದುಡಿಸಿ ದುಡಿಸಿ ಹದಕ್ಕೆ ತಂದರು. ಬೈಠಕ್ಕಿನಲ್ಲಿಯೂ ಅದು ಕಾವೇರಲು ಹೊತ್ತು ಬೇಕಾಗುತ್ತಿತ್ತು. ರಂಗದ ಮೇಲೆ ಪ್ರೇಕ್ಷಕನು ಅಷ್ಟು ಹೊತ್ತು ಕಾಯಲಾರನು. ಅಂತಹ ದನಿಯಿಂದಲೇ ನಾಟಕದಲ್ಲಿ ಗೆದ್ದುದನ್ನು ನಾನು ಅವರ ದೊಡ್ಡ ಸಾಧನೆಯೆಂದು ಎಣಿಸುತ್ತೇನೆ.

ರಂಗವನ್ನು ಬಿಟ್ಟ ಬಳಿಕ ಅವರು ಕುಂದಗೋಳದಲ್ಲಿ ಪಾಠ ಹೇಳಿದರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಕಲಿತು ಮರಳುತ್ತಿದ್ದರು. ಭೀಮಸೇನ ಜೋಶಿಯವರು 1936ರಿಂದ ಕೆಲವು ವರುಷ ಗುರುವಿನ ಮನೆಯಲ್ಲಿದ್ದು, ನೀರು ಹೊತ್ತು ಕಲಿತರು. ಫಿರೋಜ್ ದಸ್ತೂರರೂ ಬಸವರಾಜ ರಾಜಗುರುಗಳೂ ಇದೇ ಶಿಷ್ಯವರ್ಗದವರು. 1942ರಲ್ಲಿ ಪಾರ್ಶ್ವವಾಯು ಬಡಿದು ಗುರುವಿನ ಹಾಡು ನಿಂತಿತು. 1952ರ ಸೆಪ್ಟೆಂಬರ್ 12ರಂದು ಪುಣೆಯಲ್ಲಿ ಅವರು ತೀರಿಕೊಂಡರು.

ಮರುವರುಷ ಆರಂಭವಾದ ಉತ್ಸವವನ್ನು ಭೀಮಸೇನರು ದಶಕಗಳ ಕಾಲ ಹೊತ್ತು ನಡೆಸಿದರು. 2011ರಲ್ಲಿ ಅವರು ಕಾಲವಾದ ಮೇಲೆ ಅವರ ಹೆಸರೂ ಅದಕ್ಕೆ ಸೇರಿತು. ಕುಂದಗೋಳದ ನಾಡಿಗೇರ ವಾಡೆಯಲ್ಲಿಯೂ ಗುರುವಿನ ಪುಣ್ಯಸ್ಮರಣೆಗಾಗಿ ಅಹೋರಾತ್ರಿ ಸಂಗೀತ ನಡೆದುಬಂದಿದೆ.