ಸಿಂಹದ ಓಲಗದಲ್ಲಿ ನ್ಯಾಯ

ಪ್ರಾಣಿಗಳ ರಾಜ್ಯವೊಂದರ ಚರಿತ್ರೆಯನ್ನು ಬರೆಯಹೊರಟವನಿಗೆ ಶಾಸನಗಳ ನೆರವಿಲ್ಲ, ನಾಣ್ಯಗಳ ಸಾಕ್ಷ್ಯವಿಲ್ಲ. ಆದರೂ ಪಂಚತಂತ್ರದ ಪಿಂಗಲಕನೆಂಬ ಸಿಂಹ ಆಳಿದ ರಾಜ್ಯಕ್ಕೆ ಒಂದು ಚರಿತ್ರೆಯುಂಟು. ನಿಜವಾಗಿ ಇದ್ದ ಎಷ್ಟೋ ರಾಜ್ಯಗಳು ಹೇಳಹೆಸರಿಲ್ಲದೆ ಅಳಿದುಹೋದವು; ಈ ಕಲ್ಪನೆಯ ರಾಜ್ಯವಾದರೋ ಭಾಷೆಯಿಂದ ಭಾಷೆಗೆ ದಾಟುತ್ತ ಉಳಿದುಬಂದಿದೆ. ಹಾಗೆ ದಾಟುವಾಗ ಒಂದೆಡೆ ಅದರ ನ್ಯಾಯಪದ್ಧತಿಯೇ ಬದಲಾಯಿತು. ಆ ಬದಲಾವಣೆಯನ್ನು ಕುರಿತು ಕೆಲವು ಮಾತು ಹೇಳುವುದು ಇಲ್ಲಿ ನನ್ನ ಉದ್ದೇಶ.

ಕಥೆ ವಾಚಕರಿಗೆ ತಿಳಿದದ್ದೇ. ವರ್ತಕನೊಬ್ಬ ದಾರಿಯಲ್ಲಿ ಬಿಟ್ಟುಹೋದ ಸಂಜೀವಕನೆಂಬ ಎತ್ತು ಯಮುನೆಯ ದಡದ ಹುಲ್ಲು ಮೇಯ್ದು ಕೊಬ್ಬಿ ಗುಟುರು ಹಾಕುತ್ತದೆ. ನೀರು ಕುಡಿಯಲು ಬಂದ ಪಿಂಗಲಕ ಆ ದನಿ ಕೇಳಿ ಬೆದರುತ್ತಾನೆ. ಇದನ್ನು ಗಮನಿಸುವವರು ಕರಟಕ, ದಮನಕ ಎಂಬ ಎರಡು ನರಿಗಳು; ಮಂತ್ರಿಯ ಮಕ್ಕಳು, ಆದರೆ ಅಧಿಕಾರ ತಪ್ಪಿದವರು. ದಮನಕನು ಎತ್ತಿಗೂ ಸಿಂಹಕ್ಕೂ ಸ್ನೇಹ ಕುದುರಿಸುತ್ತಾನೆ. ಸ್ನೇಹ ಬೆಳೆದು ಅರಸನು ಬೇಟೆಯನ್ನೇ ಮರೆತಾಗ ಪರಿವಾರದ ಹೊಟ್ಟೆಗೆ ಕುತ್ತು ಬರುತ್ತದೆ. ತಾನು ಕಟ್ಟಿದ್ದನ್ನು ತಾನೇ ಒಡೆಯಲು ದಮನಕ ಹೊರಡುತ್ತಾನೆ. ‘ಎತ್ತು ನಿನ್ನ ಪಟ್ಟಕ್ಕೆ ಆಸೆಪಟ್ಟಿದೆ’ ಎಂದು ಸಿಂಹಕ್ಕೂ, ‘ಸಿಂಹ ನಿನ್ನನ್ನು ತಿನ್ನಲು ನಿಶ್ಚಯಿಸಿದೆ’ ಎಂದು ಎತ್ತಿಗೂ ಹೇಳುತ್ತಾನೆ. ಅಂಜಿದ ಎರಡು ಪ್ರಾಣಿಗಳು ಒಂದನ್ನೊಂದು ಕಂಡಾಗ, ಎರಡರ ನಿಲುವಿನಲ್ಲೂ ದಮನಕ ಹೇಳಿಕೊಟ್ಟ ಗುರುತುಗಳೇ ಕಾಣುತ್ತವೆ. ಕಾಳಗವಾಗುತ್ತದೆ, ಎತ್ತು ಸಾಯುತ್ತದೆ.

ಈ ರಾಜ್ಯದಲ್ಲಿ ಇಲ್ಲದೆ ಇದ್ದುದು ಏನು? ಬಲವಿತ್ತು, ಮಂತ್ರಾಲೋಚನೆಯಿತ್ತು, ನೀತಿವಾಕ್ಯಗಳಿಗಂತೂ ಕೊರತೆಯಿರಲಿಲ್ಲ. ಆದರೆ ಅರಸನು ತನ್ನ ಗೆಳೆಯನನ್ನು ಕರೆದು ‘ನಿನ್ನ ಮೇಲೆ ಇಂಥ ದೂರು ಬಂದಿದೆ, ಏನು ಹೇಳುತ್ತೀಯೆ?’ ಎಂದು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಕನ್ನಡದಲ್ಲಿ ಈ ಕಥೆಯನ್ನು ಹೇಳಿದವನು ದುರ್ಗಸಿಂಹ. ಕ್ರಿ. ಶ. 1031ರ ಸುಮಾರಿನಲ್ಲಿ, ವಸುಭಾಗಭಟ್ಟನ ಪಾಠವನ್ನು ಅನುಸರಿಸಿ, ಅವನು ಇದನ್ನು ಚಂಪುವಾಗಿ ಬರೆದನು. ಅವನು ಚಾಲುಕ್ಯ ಜಯಸಿಂಹ ಜಗದೇಕಮಲ್ಲನಲ್ಲಿ ಸಂಧಿವಿಗ್ರಹಿಯಾಗಿದ್ದನೆಂಬುದನ್ನು ನಾವು ಮರೆಯಬಾರದು. ಯಾವ ಅರಸನೊಡನೆ ಸ್ನೇಹ, ಯಾರೊಡನೆ ಯುದ್ಧ ಎಂಬುದನ್ನು ನೋಡಿಕೊಳ್ಳುವ ಅಧಿಕಾರಿ ಅವನು. ಭೇದವೆಂಬುದು ಅವನಿಗೆ ಗ್ರಂಥದಲ್ಲಿ ಓದಿದ ಮಾತಾಗಿರಲಿಲ್ಲ, ದಿನದ ಕೆಲಸವಾಗಿತ್ತು. ಅಂಥವನು ಸಿಂಹದ ಓಲಗವನ್ನು ಬಣ್ಣಿಸಿದಾಗ ನಾವು ಅದನ್ನು ಮಕ್ಕಳ ಕಥೆಯೆಂದು ಓದಲಾಗದು.

ತರಗತಿಯಲ್ಲಿ ಈ ಭಾಗವನ್ನು ಪಾಠ ಮಾಡುವಾಗ ವಿದ್ಯಾರ್ಥಿಗಳು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ‘ಹಾಗಾದರೆ ದಮನಕನಿಗೆ ಶಿಕ್ಷೆಯಾಗಲಿಲ್ಲವೆ, ಸಾರ್?’ ಸಂಸ್ಕೃತ ಪಂಚತಂತ್ರದಲ್ಲಿ ಆಗುವುದಿಲ್ಲ. ಪಿಂಗಲಕನು ಮರುಗುತ್ತಾನೆ, ದಮನಕನೇ ಬಂದು ಅವನನ್ನು ಸಮಾಧಾನಪಡಿಸುತ್ತಾನೆ, ಕೊನೆಗೆ ಮಂತ್ರಿಯಾಗಿ ಸುಖದಿಂದಿರುತ್ತಾನೆ. ಇದು ಗ್ರಂಥಕರ್ತನ ಮರೆವಲ್ಲ. ರಾಜಕುಮಾರರಿಗೆ ಲೋಕ ಹೀಗಿದೆಯೆಂದು ತಿಳಿಸುವುದು ಅವನ ಗುರಿ; ಹೀಗಿರಬೇಕೆಂದು ಹೇಳುವುದಲ್ಲ.

ಆದರೆ ನಮ್ಮ ವಿದ್ಯಾರ್ಥಿಗಳ ಪ್ರಶ್ನೆಯನ್ನು ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಬೇರೊಬ್ಬನೂ ಕೇಳಿಕೊಂಡಂತಿದೆ. ಆರನೆಯ ಶತಮಾನದಲ್ಲಿ, ಪಾರಸಿಕ ದೊರೆ ಖುಸ್ರು ಅನುಶೀರ್ವಾನನ ಕಾಲದಲ್ಲಿ, ಬುರ್ಜೋಯ್ ಎಂಬ ವೈದ್ಯನು ಈ ಕಥೆಗಳನ್ನು ಪಹ್ಲವಿ ಭಾಷೆಗೆ ತಿರುಗಿಸಿದನು. ಆ ಗ್ರಂಥ ಈಗ ಉಳಿದಿಲ್ಲ. ಅದರಿಂದ ಎಂಟನೆಯ ಶತಮಾನದ ನಡುವಿನಲ್ಲಿ ಇಬ್ನ್ ಅಲ್ ಮುಕಫ್ಫ ಎಂಬ ಪಾರಸಿಕ ಮೂಲದ ಬರಹಗಾರನು ಅರಬ್ಬಿಗೆ ತಂದದ್ದೇ ‘ಕಲೀಲ ವ ದಿಮ್ನ’. ಕರಟಕ ಕಲೀಲನಾದನು, ದಮನಕ ದಿಮ್ನನಾದನು. ಈ ಅರಬ್ಬಿ ಗ್ರಂಥದಲ್ಲಿ ಎತ್ತಿನ ಸಾವಿನ ಬಳಿಕ ಒಂದು ಹೊಸ ಅಧ್ಯಾಯವಿದೆ: ದಿಮ್ನನ ವಿಚಾರಣೆ. ಸಂಸ್ಕೃತದಲ್ಲಿ ಇದಿಲ್ಲ, ಪಹ್ಲವಿಯಿಂದಲೇ ಆದ ಹಳೆಯ ಸಿರಿಯಾಕ್ ಅನುವಾದದಲ್ಲೂ ಇಲ್ಲ. ಆದುದರಿಂದ ಇದು ಅರಬ್ಬಿ ಅನುವಾದಕನದೇ ರಚನೆಯೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ.

ಅಧ್ಯಾಯದ ನಡೆ ಸ್ವಾರಸ್ಯವಾಗಿದೆ. ದಿಮ್ನನನ್ನು ಕಲೀಲ ರಾತ್ರಿ ನಿಂದಿಸುತ್ತಿರುವುದು ಚಿರತೆಯೊಂದರ ಕಿವಿಗೆ ಬೀಳುತ್ತದೆ. ಅದು ಸಿಂಹದ ತಾಯಿಗೆ ಗುಟ್ಟಾಗಿ ತಿಳಿಸುತ್ತದೆ. ತಾಯಿ ಅಪರಾಧಿಯನ್ನು ಕೊಲ್ಲೆಂದು ಒತ್ತಾಯಿಸಿದರೂ ಸಿಂಹವು ಈ ಸಲ ಅವಸರಪಡುವುದಿಲ್ಲ. ದಿಮ್ನನನ್ನು ಸೆರೆಯಲ್ಲಿಟ್ಟು ನ್ಯಾಯಾಧಿಕಾರಿಯ ಮುಂದೆ ನಿಲ್ಲಿಸುತ್ತದೆ. ದಿಮ್ನನ ವಾದಕ್ಕೆ ಎದುರಾಡುವವರಿಲ್ಲ. ಊಹೆಯಿಂದ ಯಾರನ್ನೂ ದಂಡಿಸಬಾರದೆಂದು ಅವನೇ ಧರ್ಮ ಹೇಳುತ್ತಾನೆ! ಕಟ್ಟಕಡೆಗೆ ಚಿರತೆ ಬಹಿರಂಗವಾಗಿ ಸಾಕ್ಷಿ ನುಡಿಯುತ್ತದೆ. ಅದನ್ನು ಕೇಳಿ, ಸೆರೆಯಲ್ಲಿ ಆ ಇಬ್ಬರ ಮಾತನ್ನು ಕೇಳಿಸಿಕೊಂಡಿದ್ದ ಇನ್ನೊಂದು ಮೃಗವೂ ಮುಂದೆ ಬರುತ್ತದೆ. ಇಬ್ಬರು ಸಾಕ್ಷಿಗಳಾದ ಮೇಲೆಯೇ ದಿಮ್ನನಿಗೆ ಮರಣದಂಡನೆ.

ಎತ್ತಿಗೆ ಸಿಗದ ವಿಚಾರಣೆ ಅದನ್ನು ಕೊಲ್ಲಿಸಿದವನಿಗೆ ಸಿಕ್ಕಿತು. ನ್ಯಾಯವೆಂದರೆ ಕೆಟ್ಟವನಿಗೂ ಉತ್ತರ ಹೇಳಲು ಎಡೆಗೊಡುವುದು ಎಂಬುದು ಇಬ್ನ್ ಅಲ್ ಮುಕಫ್ಫನ ಅಭಿಪ್ರಾಯವೆಂದು ನನಗೆ ತೋರುತ್ತದೆ. ನ್ಯಾಯಾಧಿಕಾರಿಗಳ ತೀರ್ಪುಗಳು ಒಂದಕ್ಕೊಂದು ವಿರೋಧವಾಗಿರುವುದನ್ನು ಸರಿಪಡಿಸಿ, ರಾಜ್ಯಕ್ಕೆಲ್ಲ ಒಂದೇ ಕಾನೂನನ್ನು ಮಾಡಬೇಕೆಂದು ಖಲೀಫನಿಗೆ ಬಿನ್ನಹ ಬರೆದವನೂ ಇವನೇ.

ಅವನ ಬಾಳಿನ ಕೊನೆ ಹೇಗಾಯಿತು? ಖಲೀಫ ಅಲ್ ಮನ್ಸೂರನ ವಿರುದ್ಧ ದಂಗೆಯೆದ್ದು ಸೋತ ಚಿಕ್ಕಪ್ಪನಿಗೆ ಅಭಯಪತ್ರವೊಂದನ್ನು ಬರೆದುಕೊಡುವ ಕೆಲಸ ಇವನ ಪಾಲಿಗೆ ಬಂದಿತು. ಖಲೀಫನು ಮಾತಿಗೆ ತಪ್ಪಿದರೆ ಪ್ರಜೆಗಳು ಅವನಿಗೆ ನಿಷ್ಠರಾಗಿರಬೇಕಿಲ್ಲವೆಂದು ಇವನು ಅದರಲ್ಲಿ ಬಿಗಿಯಾಗಿ ಬರೆದನಂತೆ. 750ರ ದಶಕ ಮುಗಿಯುವುದರೊಳಗೆ ಬಸ್ರಾದಲ್ಲಿ ಇವನನ್ನು ಕ್ರೂರವಾಗಿ ಕೊಲ್ಲಿಸಲಾಯಿತು. ಆ ಮರಣದ ವೃತ್ತಾಂತಗಳು ಖಲೀಫನ ಸಿಟ್ಟನ್ನು ಹೇಳುತ್ತವೆ, ಬಸ್ರಾದ ಅಧಿಕಾರಿಯ ಹಗೆಯನ್ನು ಹೇಳುತ್ತವೆ. ಇಬ್ಬರು ಸಾಕ್ಷಿಗಳ ಮಾತನ್ನು ಹೇಳುವುದಿಲ್ಲ. ನರಿಗೆ ಅವನು ಕೊಡಿಸಿದ್ದು ಅವನಿಗೆ ದೊರೆಯಲಿಲ್ಲ.

ಅವನ ಗ್ರಂಥ ಮಾತ್ರ ನಿಲ್ಲಲಿಲ್ಲ. 1251ರ ಹೊತ್ತಿಗೆ ಅದು ಸ್ಪೇನಿನ ಭಾಷೆಗೆ ಇಳಿದಿತ್ತು. ಪಾರಸಿಯ ಮೂಲಕ ಮತ್ತೆ ಭರತಖಂಡಕ್ಕೂ ಬಂದಿತು. ಅಕ್ಬರನ ಅಪ್ಪಣೆಯಂತೆ ಅಬುಲ್ ಫಜಲನು 1588ರಲ್ಲಿ ಅದನ್ನು ತಿಳಿಯಾದ ಪಾರಸಿಯಲ್ಲಿ ಹೊಸದಾಗಿ ಬರೆದನು. ಹೀಗೆ ನಮ್ಮಿಂದ ಹೊರಟುಹೋದ ಸಿಂಹದ ರಾಜ್ಯ, ಒಂದು ನ್ಯಾಯಸ್ಥಾನವನ್ನು ಕಟ್ಟಿಸಿಕೊಂಡು ನಮ್ಮಲ್ಲಿಗೆ ಹಿಂತಿರುಗಿತು. ದುರ್ಗಸಿಂಹನನ್ನು ಓದುವವರು ಆ ಅರಬ್ಬಿ ಅಧ್ಯಾಯವನ್ನೂ ಜೊತೆಗಿಟ್ಟುಕೊಂಡು ಓದಬೇಕೆಂಬುದು ನನ್ನ ಆಸೆ. ಅದನ್ನು ಕನ್ನಡದ ಓದುಗರು ಹೆಚ್ಚಾಗಿ ಪರಿಚಯಮಾಡಿಕೊಂಡರೆ ಪಿಂಗಲಕನ ಓಲಗದಲ್ಲಿ ಕೇಳದೆ ಉಳಿದ ಆ ಒಂದು ಪ್ರಶ್ನೆಯ ಬೆಲೆ ನಮಗೆ ಇನ್ನಷ್ಟು ತಿಳಿದೀತು.