ಒಂದೇ ಸಿರಿಂಜ್, ಹಲವರಿಗೆ ಸೋಂಕು: ಆಸ್ಪತ್ರೆಯಲ್ಲಿ ರಕ್ತದಿಂದ ಹರಡುವ ರೋಗ ತಡೆಯುವುದು ಹೇಗೆ?

ಅಹಮದಾಬಾದ್‌ನಿಂದ ಸುಮಾರು 100 ಕಿ.ಮೀ. ದೂರದಲ್ಲಿರುವ ಮೊಡಾಸಾ ಪಟ್ಟಣ 2009ರ ಆರಂಭದಲ್ಲಿ ದೇಶದ ಗಮನ ಸೆಳೆಯಿತು. ಅಂದು ಸಾಬರಕಾಂಠಾ ಜಿಲ್ಲೆಗೆ ಸೇರಿದ್ದ ಈ ಪ್ರದೇಶದಲ್ಲಿ ಹೆಪಟೈಟಿಸ್ ಬಿ ಹರಡಿ ಹತ್ತಾರು ಮಂದಿ ಮೃತಪಟ್ಟರು. ಬಳಸಿದ ಸಿರಿಂಜ್‌ಗಳ ಮರುಬಳಕೆಯೇ ಇದಕ್ಕೆ ಕಾರಣ ಎಂಬ ಆರೋಪದ ಮೇಲೆ ಕೆಲವು ವೈದ್ಯರನ್ನು ಬಂಧಿಸಲಾಯಿತು.

ಸೋಂಕು ಹರಡುವುದು ಹೇಗೆ?

ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಎಚ್‌ಐವಿ ಪ್ರಮುಖ ಸೋಂಕುಗಳು. ಸೋಂಕಿತರ ರಕ್ತವಿರುವ ಸೂಜಿ ಚುಚ್ಚಿದರೆ, ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ಶೇ.30ರವರೆಗೂ ಇದೆ. ಎಚ್‌ಐವಿಗೆ ಇದು ಸುಮಾರು ಶೇ.0.3. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೂ ಕನಿಷ್ಠ 7 ದಿನ ಬದುಕಬಲ್ಲದು.

ಸೂಜಿ ಬದಲಿಸಿದರೆ ಸಾಕೇ?

ಸಾಲದು. ಸಿರಿಂಜ್‌ನೊಳಗೂ ರಕ್ತದ ಅಂಶ ಉಳಿದಿರಬಹುದು. ಅದೇ ಸಿರಿಂಜನ್ನು ಔಷಧದ ಬಾಟಲಿಗೆ ಚುಚ್ಚಿದರೆ ಬಾಟಲಿಯೂ ಕಲುಷಿತಗೊಂಡು, ಮುಂದಿನ ರೋಗಿಗಳಿಗೆ ಸೋಂಕು ತಗಲಬಹುದು.

ಆಸ್ಪತ್ರೆಗಳು ಪಾಲಿಸಬೇಕಾದ ಕ್ರಮಗಳು

* ಪ್ರತಿ ರೋಗಿಗೂ ಹೊಸ ಸೂಜಿ, ಹೊಸ ಸಿರಿಂಜ್ ಬಳಸಬೇಕು.
* ಎಲ್ಲ ರೋಗಿಗಳ ರಕ್ತವೂ ಸೋಂಕಿತವೆಂದೇ ಭಾವಿಸಿ ಕೈಗವಸು ಧರಿಸಬೇಕು.
* ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಅದನ್ನು ಚುಚ್ಚಿ ತೂತಾಗದ ಬಿಳಿ ಡಬ್ಬಿಗೆ ಹಾಕಬೇಕು. ಇಲ್ಲದಿದ್ದರೆ ಅದು ಗುಜರಿ ಸೇರಿ ಮತ್ತೆ ಮಾರುಕಟ್ಟೆಗೆ ಬರುವ ಅಪಾಯವಿದೆ.
* ದಾನಿಗಳ ರಕ್ತಕ್ಕೆ ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್ ಮತ್ತು ಮಲೇರಿಯಾ ಪರೀಕ್ಷೆ ಕಡ್ಡಾಯ.
* ಸ್ವಚ್ಛತಾ ಕಾರ್ಮಿಕರೂ ಸೇರಿ ಎಲ್ಲ ಸಿಬ್ಬಂದಿಗೆ ಹೆಪಟೈಟಿಸ್ ಬಿ ಲಸಿಕೆಯ 3 ಡೋಸ್ ಕೊಡಿಸಬೇಕು. ಹೆಪಟೈಟಿಸ್ ಸಿ ಮತ್ತು ಎಚ್‌ಐವಿಗೆ ಲಸಿಕೆ ಇಲ್ಲ.

ಸೂಜಿ ಚುಚ್ಚಿದರೆ ಏನು ಮಾಡಬೇಕು?

ಗಾಯವನ್ನು ಹಿಂಡಬೇಡಿ, ಬೆರಳನ್ನು ಬಾಯಿಗೆ ಇಡಬೇಡಿ. ಸಾಬೂನು, ನೀರಿನಿಂದ ತೊಳೆದು ತಕ್ಷಣ ವೈದ್ಯರಿಗೆ ತಿಳಿಸಿ. ಎಚ್‌ಐವಿ ತಡೆಯುವ ಔಷಧವನ್ನು ಸಾಧ್ಯವಾದರೆ 2 ಗಂಟೆಯೊಳಗೆ, ತಡವೆಂದರೆ 72 ಗಂಟೆಯೊಳಗೆ ಆರಂಭಿಸಿ 28 ದಿನ ಸೇವಿಸಬೇಕು.

ರೋಗಿಗಳು ಗಮನಿಸಬೇಕಾದುದೇನು?

ಸಿರಿಂಜ್‌ನ ಪೊಟ್ಟಣವನ್ನು ನಿಮ್ಮ ಎದುರೇ ತೆರೆಯುವಂತೆ ಕೇಳಿ. ಹಾಗೆ ಕೇಳಲು ಸಂಕೋಚ ಬೇಡ. ಮಾತ್ರೆಯಲ್ಲೇ ಗುಣವಾಗುವ ಜ್ವರ, ಮೈಕೈ ನೋವಿಗೆ ಇಂಜೆಕ್ಷನ್ ಕೊಡಿ ಎಂದು ವೈದ್ಯರನ್ನು ಒತ್ತಾಯಿಸಬೇಡಿ.