ಸುಳ್ಳು ಸೂಜಿಯ ಲೆಕ್ಕ

ಅಮೆರಿಕದಲ್ಲಿ ಅಕ್ಯುಪಂಕ್ಚರ್ ಮನೆಮಾತಾಗಿದ್ದು ಒಂದು ಅಪೆಂಡಿಕ್ಸ್‌ನಿಂದ. 1971ರ ಜುಲೈನಲ್ಲಿ ಚೀನಾಕ್ಕೆ ಹೋಗಿದ್ದ ನ್ಯೂಯಾರ್ಕ್ ಟೈಮ್ಸ್‌ನ ಜೇಮ್ಸ್ ರೆಸ್ಟನ್‌ಗೆ ಬೀಜಿಂಗ್‌ನಲ್ಲೇ ಆಪರೇಷನ್ ಆಯ್ತು. ಆಮೇಲೆ ಕಾಡಿದ ಹೊಟ್ಟೆಯುಬ್ಬರಕ್ಕೆ ಮೊಣಕೈಗೂ ಮಂಡಿಗಳ ಕೆಳಗೂ ಸೂಜಿ ಚುಚ್ಚಿದರು. ಹಗುರಾಯ್ತು, ಅವರು ಬರೆದರು. (ಆಪರೇಷನ್ ನಡೆದದ್ದು ಮಾಮೂಲಿ ಅರಿವಳಿಕೆ ಇಂಜೆಕ್ಷನ್ ಕೊಟ್ಟೇ. ಕತೆ ಬಾಯಿಂದ ಬಾಯಿಗೆ ಹೋಗುವಾಗ ಅದು ಬಿಟ್ಟೇಹೋಯ್ತು.)

ಮಂಡಿ ಸವೆತದ ನೋವಿಗೂ ಸೂಜಿ ನಾಟುತ್ತಾ ಅಂತ ಗಟ್ಟಿಯಾಗಿ ಪುರಾವೆ ಕೇಳಿದ್ದು ಜರ್ಮನಿ. ಅಲ್ಲಿ ದುಡ್ಡು ಕಟ್ಟೋರು ವಿಮೆಯವರು ತಾನೆ! ಸಾವಿರ ಚಿಲ್ಲರೆ ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಚೀನೀ ಶಾಸ್ತ್ರದ ಪ್ರಕಾರ ಸೂಜಿ. ಇನ್ನೊಂದಕ್ಕೆ ಶಾಸ್ತ್ರದಲ್ಲಿಲ್ಲದ ಜಾಗಗಳಲ್ಲಿ ಮೇಲುಮೇಲೆ ಚುಚ್ಚುವ ಸುಳ್ಳು ಸೂಜಿ. ಮೂರನೆಯದಕ್ಕೆ ಸೂಜಿ ಇಲ್ಲ, ಡಾಕ್ಟರ ಭೇಟಿ ಅಷ್ಟೇ. ಮಾತ್ರೆ, ಫಿಸಿಯೋಥೆರಪಿ ಎಲ್ಲರಿಗೂ ಇತ್ತು. 26 ವಾರಗಳ ನಂತರ ಸುಧಾರಿಸಿದವರು ಕ್ರಮವಾಗಿ ಶೇ. 53, 51, 29.

ಅಂದರೆ ಎಲ್ಲಿ ಚುಚ್ಚಿದರೂ ಹೆಚ್ಚುಕಮ್ಮಿ ಒಂದೇ! ಪುರಾತನ ಬಿಂದುಗಳ ನಕ್ಷೆ ಮಂಡಿಯ ಮಟ್ಟಿಗೆ ಅಲ್ಲೇ ಕುಸಿಯಿತು ಅನ್ನೋದು ನನ್ನ ಅಭಿಪ್ರಾಯ. ಆದರೆ ಮೆಟ್ಟಿಲು ಹತ್ತಲಾಗದವರಿಗೆ ನಕ್ಷೆ ಕಟ್ಕೊಂಡು ಏನಾಗಬೇಕು? ಸೂಜಿಯೇ ಇಲ್ಲದವರ ಶೇ. 29ರ ಪಕ್ಕದಲ್ಲಿ 53 ದೊಡ್ಡದೇ. 2006ರಲ್ಲಿ ಜರ್ಮನಿ, ಮಂಡಿ ಮತ್ತು ಸೊಂಟದ ಹಳೇ ನೋವುಗಳಿಗೆ ಅಕ್ಯುಪಂಕ್ಚರನ್ನು ವಿಮೆಗೆ ಸೇರಿಸಿತು. ಬ್ರಿಟನ್‌ನ ನೈಸ್ ಸಂಸ್ಥೆ ಸುಳ್ಳು ಸೂಜಿಯ ಎದುರಿಟ್ಟು ಅಳೆಯಿತು. ಕೀಲು ಸವೆತಕ್ಕೆ ಇದನ್ನು ಕೊಡಬೇಡಿ ಅಂತ 2014ರಲ್ಲಿ ವೈದ್ಯರಿಗೆ ಹೇಳಿಬಿಟ್ಟಿತು.